ಗಾಳಿಯಕ್ಕ ಹಿಡಿದ ಲಿವರ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಉಪ್ಪಿನ ಮಡಿಗಳ ನಡುವೆ ನಿಂತ ಗಾಳಿಯಂತ್ರದ ಬುಡದಲ್ಲಿ ಗಾಳಿಯಕ್ಕ ಕಬ್ಬಿಣದ ಲಿವರನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದಿದ್ದಾರೆ. ಮೇಲೆ, ಚಕ್ರದ ಪಕ್ಕದ ಹಲಗೆಯ ಮೇಲೆ, ಅವರ ಮೈದುನ ಎಣ್ಣೆ ಡಬ್ಬಿ ಹಿಡಿದು ಕೂತಿದ್ದಾನೆ. ಈಗ ಯಾರಾದರೂ ಮಾತಾಡಿಸಲು ಹೋದರೆ ಗಾಳಿಯಕ್ಕ ಕಣ್ಣಲ್ಲೇ ಗದರುತ್ತಾರೆ.

ಗಾಳಿಯಂತ್ರ ದೂರದಿಂದ ಬಲು ಚಂದ, ಫೋಟೊಗೆ ಹೇಳಿ ಮಾಡಿಸಿದಂತಿರುತ್ತದೆ. ಹತ್ತಿರ ಹೋದರೆ ಬರೀ ತುಕ್ಕು, ಗ್ರೀಸು. ಗಾಳಿ ಬಡಿದಾಗ ತಗಡಿನ ರೆಕ್ಕೆಗಳ ಚಕ್ರ ತಿರುಗುತ್ತದೆ. ಹಿಂದಿನ ಬಾಲ ಅದರ ಮುಖವನ್ನು ಗಾಳಿಯ ಕಡೆಗೇ ಹಿಡಿದಿಡುತ್ತದೆ. ಚಕ್ರದ ಸುತ್ತಾಟದಿಂದ ಗೇರ್ ಪೆಟ್ಟಿಗೆ ಒಂದು ಉದ್ದನೆಯ ಸರಳನ್ನು ಮೇಲೆ ಕೆಳಗೆ ಆಡಿಸುತ್ತದೆ, ಸರಳು ಬಾವಿಯ ಪಂಪನ್ನು ಆಡಿಸುತ್ತದೆ, ಉಪ್ಪುನೀರು ಮಡಿಗಳಿಗೆ ಹರಿಯುತ್ತದೆ. ಉಳಿದದ್ದು ಬಿಸಿಲಿನ ಕೆಲಸ. ಬೇರೆ ಕಡೆ ಇದೇ ಗಾಳಿ ಕಾಳು ಬೀಸಿದೆ, ಈಗ ಕರೆಂಟನ್ನೂ ಕೊಡುತ್ತಿದೆ. ಇಲ್ಲಿ ಗಾಳಿಯಕ್ಕನದು, ಮೈದುನನದು, ಎರಡು ಮನೆಗಳ ಒಲೆ ಉರಿಸುತ್ತದೆ.

ಲಿವರನ್ನು ಕೆಳಕ್ಕೆ ಎಳೆದರೆ ಬಾಲ ಮಡಚಿಕೊಂಡು ಚಕ್ರ ಗಾಳಿಗೆ ಪಕ್ಕವಾಗಿ ನಿಲ್ಲುತ್ತದೆ. ಬಿಟ್ಟರೆ ಗಿರ್ರನೆ ತಿರುಗಿ ಮತ್ತೆ ಗಾಳಿಗೆ ಎದುರಾಗುತ್ತದೆ. ವಾರಕ್ಕೊಮ್ಮೆ ಎಣ್ಣೆ ಬೀಳದಿದ್ದರೆ ಗೇರು ಕಚ್ಚಿಕೊಳ್ಳುವುದರಿಂದ ಯಾರಾದರೂ ಹತ್ತಲೇಬೇಕು.

ಒಂಬತ್ತು ವರ್ಷಗಳ ಹಿಂದೆ ಹೀಗೆ ಹತ್ತಿದ್ದವರು ಗಾಳಿಯಕ್ಕನ ಗಂಡ. ಲಿವರನ್ನು ಎಳೆದು ಗೂಟಕ್ಕೆ ಸಿಕ್ಕಿಸಿಯೇ ಹತ್ತಿದ್ದರು. ಆ ಹೊತ್ತಿಗೆ ಮಡಿಗಳ ಆ ತುದಿಯಿಂದ ಅವರ ತಮ್ಮ, ಇದೇ ಮೈದುನ, ಬಂದ. ಒಳ್ಳೆ ಗಾಳಿಯಿದ್ದೂ ಚಕ್ರ ನಿಂತಿದೆ, ನೀರು ಬರುತ್ತಿಲ್ಲ. ಅಣ್ಣ ಬಿಡಲು ಮರೆತಿರಬೇಕೆಂದು ಲಿವರ್ ಬಿಟ್ಟ. ತಲೆಯೆತ್ತಿ ನೋಡಲಿಲ್ಲ. ತಿರುಗಿದ ಚಕ್ರ ಅಣ್ಣನನ್ನು ಕೆಳಗೆ ಎಸೆಯಿತು. ಅವರು ಉಳಿಯಲಿಲ್ಲ.

“ಮೈದುನ ವರ್ಷಗಟ್ಟಲೆ ನನ್ನ ಮುಖ ನೋಡ್ಲಿಲ್ಲ. ನಾನೂ ನೋಡು ಅನ್ಲಿಲ್ಲ,” ಎನ್ನುತ್ತಾರೆ ಗಾಳಿಯಕ್ಕ. ಅಂದಿನಿಂದ ಹತ್ತುತ್ತಿದ್ದವರು ಅವರೇ. ಲಿವರಿಗೆ ಸರಪಳಿ ಸುತ್ತಿ, ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹತ್ತುತ್ತಿದ್ದರು. ಮೈದುನನಿಗೆ ಲಿವರ್ ಮುಟ್ಟಲು ಬಿಟ್ಟವರಲ್ಲ. ಆತನೂ ಆ ಕಡೆ ಸುಳಿದವನಲ್ಲ.

ಈ ವರ್ಷ ಗಾಳಿಯಕ್ಕನ ಭುಜ ಕೈಕೊಟ್ಟಿದೆ. ಎಡಗೈ ತಲೆಯಿಂದ ಮೇಲೆ ಏಳುವುದಿಲ್ಲ. ಗೇರು ಕಿರುಗುಟ್ಟಲು ಶುರುವಾದಾಗ ಮೈದುನ ಬಂದು ನಿಂತು, “ಅತ್ತಿಗೆ, ನಾನು ಹತ್ತುತ್ತೀನಿ,” ಎಂದನಂತೆ. ಗಾಳಿಯಕ್ಕ ಬೀಗ, ಕೀಲಿ ಎರಡನ್ನೂ ಆತನ ಮುಂದಿಟ್ಟರು.

“ಬೀಗ ಬೇಡ. ಲಿವರ್ ನೀವೇ ಹಿಡ್ಕೊಳ್ಳಿ.”

ಅಷ್ಟು ಹೇಳಿ ಏಣಿ ಹತ್ತಿಯೇಬಿಟ್ಟ. ಅಂದಿನಿಂದ ಪ್ರತಿ ವಾರವೂ ಹಾಗೆಯೇ.

ಇವತ್ತು ಗಾಳಿ ಬೇಗ ಎದ್ದಿದೆ. ಲಿವರ್ ಮೇಲಕ್ಕೆ ಜಗ್ಗುತ್ತಿದೆ, ಗಾಳಿಯಕ್ಕ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದ್ದಾರೆ. ಮೈದುನ ಇಳಿದು, ನೆಲಕ್ಕೆ ಕಾಲೂರಿ, ಡಬ್ಬಿ ಕೆಳಗಿಟ್ಟು, ಮಡಿಗಳತ್ತ ನಡೆಯುತ್ತಾನೆ. ಆಗಷ್ಟೇ ಅವರು ಲಿವರ್ ಬಿಡುತ್ತಾರೆ. ಚಕ್ರ ತಿರುಗುತ್ತದೆ, ಬಾವಿಯ ಬಾಯಲ್ಲಿ ನೀರು ಗುಳುಗುಳು ಎನ್ನುತ್ತದೆ.

ಅಂಗೈಯ ಕೆಂಪು ಗೀರನ್ನು ಉಜ್ಜಿಕೊಳ್ಳುತ್ತಾ ಗಾಳಿಯಕ್ಕ ಹೇಳುತ್ತಾರೆ: “ಮೊದಲನೇ ಸಲ ಹಿಡ್ಕೊಂಡಾಗ ಬಿಟ್ಬಿಡೋಣ ಅನ್ನಿಸ್ತು, ಸುಳ್ಳು ಯಾಕೆ ಹೇಳ್ಲಿ? ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದೇ ಹತ್ತಿದ. ನಾನು ಬಿಡ್ಲಿಲ್ಲ.”