ಹಿಮದ ಹಾಳೆ

ಮೊನ್ನೆ ಮಧ್ಯಾಹ್ನ ತಂಗಿಯ ಮಗಳ ಮನೆಯಲ್ಲಿ ಕುಳಿತಿದ್ದೆ. ಆಕೆ ಲ್ಯಾಪ್‌ಟಾಪಿನಲ್ಲಿ ಏನೋ ಬರೆಯುತ್ತಿದ್ದಳು. ತಟಕ್ಕನೆ ಕರೆಂಟ್ ಹೋಯಿತು. "ಸೇವ್ ಮಾಡವಾ, ಸೇವ್!" ಎಂದು ಕೂಗಿಬಿಟ್ಟೆ.

"ಮೌಶಿ, ಇದಕ್ಕ ಬ್ಯಾಟರಿ ಐತಿ. ತನ್ನಷ್ಟಕ್ಕ ತಾನ ಸೇವ್ ಮಾಡ್ಕೊಂತೈತಿ," ಎಂದು ನಕ್ಕಳು.

ನಾನೂ ನಕ್ಕೆ. ಆದರೆ ಒಳಗೇ ಅಂದುಕೊಂಡೆ, ಪಾಪ, ಈಗಿನವರಿಗೆ ಒಂದು ಒಳ್ಳೆಯ ಸಬೂಬೇ ಇಲ್ಲವಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಮುದ್ದೇಬಿಹಾಳದ ನಮ್ಮ ಮನೆಗೆ ಕಂಪ್ಯೂಟರ್ ಬಂತು. ನಮ್ಮವರು ಕಾಲೇಜಿನಲ್ಲಿ ಲೆಕ್ಚರರ್. ನಾನು ಕಸೂತಿ ಹಾಕಿದ ಬಟ್ಟೆ ಹೊದಿಸಿ, ಮಾನಿಟರಿನ ಹಣೆಗೆ ಕುಂಕುಮ ಹಚ್ಚಿ, ಕಾನ್ವೆಂಟಿನಲ್ಲಿ ಓದಿದ್ದೆಲ್ಲ ಮರೆತವಳಂತೆ ಕೈಮುಗಿದೆ. ಇಂಟರ್ನೆಟ್ ಹಚ್ಚಿದರೆ ಫೋನು ಎಂಗೇಜ್. ಮೋಡೆಮ್ ಮೊದಲು ಕಿರುಚುತ್ತಿತ್ತು, ಆಮೇಲೆ ದೂರದಲ್ಲೆಲ್ಲೋ ಮಳೆ ಹುಯ್ದಂತೆ ಸುಯ್ಯೆನ್ನುತ್ತಿತ್ತು. ಆ ಸದ್ದಿಗೆ ನನಗೆ ಜೊಂಪು ಹತ್ತುತ್ತಿತ್ತು, really.

ಒಂದು ದಿನ ಹಳೆಯ ಸಹಪಾಠಿಯೊಬ್ಬಳ ಇಮೇಲ್ ಬಂತು, ಗೆಳತಿಯರ ವಿಳಾಸಗಳ ಪಟ್ಟಿ. ಅದರಲ್ಲಿ ಶಾರದಾ. ಗೊಳಸಂಗಿಯ ಶಾರದಾ, ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳು. ಈಗ ಸಿಂದಗಿಯಲ್ಲಿ; ಕೊಟ್ಟಿದ್ದು ಮಗಳ ಕಂಪ್ಯೂಟರ್ ಕ್ಲಾಸಿನ ಇಮೇಲ್ ವಿಳಾಸ.

ಹಾಸ್ಟೆಲಿನ ಆ ದಿನಗಳಲ್ಲಿ ಶಾರದಾ ಲೈಬ್ರರಿಯಿಂದ ತಂದ ದಪ್ಪ ಪುಸ್ತಕವೊಂದರಲ್ಲಿ ಹಿಮದ ಚಿತ್ರವಿತ್ತು. ಬೆಟ್ಟ, ಮರ, ಒಂದು ಮನೆಯ ಮಾಡು, ಎಲ್ಲವೂ ಬೆಳ್ಳಗೆ. ನಮ್ಮ ಕಡೆಯ ಬಿಸಿಲು ಕಂಡ ಹುಡುಗಿಗೆ ಅದು ಸ್ವರ್ಗದಂತೆ ಕಂಡಿತು. ಯಾರೂ ಇಲ್ಲದಾಗ ಆ ಹಾಳೆ ಹರಿದುಕೊಂಡೆ. ಪುಸ್ತಕ ಶಾರದೆಯ ಹೆಸರಿನಲ್ಲಿತ್ತು. ಇಡೀ ಕ್ಲಾಸಿನ ಮುಂದೆ ಆಕೆಯನ್ನು ನಿಲ್ಲಿಸಿ ಕಳ್ಳಿ ಎಂದರು. ಆಕೆಯ ಅಪ್ಪ ಬಂದು, ಟ್ರಂಕು ಹೊತ್ತು, ಮಗಳನ್ನು ಊರಿಗೆ ಕರೆದೊಯ್ದ. ಅಲ್ಲಿಗೆ ಆಕೆಯ ಸಾಲಿ ಮುಗಿಯಿತು. ನಾನು ಕಿಟಕಿಯಲ್ಲಿ ನಿಂತು ನೋಡಿದೆ.

ಆಕೆಗೆ ಬರೆಯಲು ಕುಳಿತೆ. "My dearest Sharada, hope this finds you in the pink of health..." ಹವೆ, ಮಕ್ಕಳು, ಮೊಣಕಾಲು ನೋವು. ಹಿಮದ ಹತ್ತಿರ ಬಂದೆನೋ ಇಲ್ಲವೋ, ಕರೆಂಟ್ ಹೋಯಿತು.

"ಸೇವ್ ಮಾಡಿದ್ದಿ?" ಎಂದರು ನಮ್ಮವರು.

"ಇಲ್ರಿ."

"ಹಂಗಾರ ಹೋತು."

ಮರುದಿನವೂ ಹಾಗೇ. ಅದರ ಮರುದಿನವೂ. ಕಪ್ಪಾದ ಪರದೆಯಲ್ಲಿ ನನ್ನ ಮುಖ ನೋಡುತ್ತ ಕೂರುತ್ತಿದ್ದೆ, ಅದರ ಹಿಂದೆಲ್ಲೋ ಹಿಮ ಬೀಳುತ್ತಿತ್ತು. ವಾರವಾದ ಮೇಲೆ ನಮ್ಮವರು ಪೇಪರಿನಿಂದ ತಲೆ ಎತ್ತದೇ ಕೇಳಿದರು: "ದಿನಾ ಹನ್ನೆರಡಕ್ಕ ಕರೆಂಟ್ ಹೋಗತೈತಿ. ನೀ ಹನ್ನೊಂದೂವರೀಗೆ ಬರ್ಯಾಕ ಕೂಡ್ತಿ. ಮುಂಜಾನಿ ನಿನಗ ಶಾರದಾ ನೆನಪಾಗಂಗಿಲ್ಲೇನು?"

ಸಿಟ್ಟು ಬಂತು. ನಿಜ ಹೇಳಿದ್ದರಲ್ಲ, ಅದಕ್ಕೆ. ಕರೆಂಟ್ ಹೋದಾಗಲೆಲ್ಲ ನನಗೆ ಎಷ್ಟು ಹಗುರಾಗುತ್ತಿತ್ತೆಂದು ನನಗೊಬ್ಬಳಿಗೇ ಗೊತ್ತಿತ್ತು.

ಮರುದಿನ ಮುಂಜಾನೆ, ಸ್ನಾನಕ್ಕೂ ಮೊದಲು, ಒಂದೇ ಸಾಲು ಬರೆದೆ: ಆ ಹಾಳೆ ಹರಿದವಳು ನಾನು. ಕಣ್ಣು ಮುಚ್ಚಿ ಸೆಂಡ್ ಒತ್ತಿದೆ.

ನಾಲ್ಕು ದಿನಕ್ಕೆ ಉತ್ತರ ಬಂತು. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತು. ಗಟ್ಟಿಯಾಗಿ ಓದಿದಾಗಲೇ ಅದು ಶಾರದೆಯ ದನಿಯಾಯಿತು:

"ನೀನಂತ ಅವತ್ತ ಗೊತ್ತಿತ್ತು. ನಿನ್ನ ತಲಿದಿಂಬಿನ ಕೆಳಗ ನೋಡಿದ್ದೆ. ನೀನ ಎದ್ದು ಹೇಳ್ತಿ ಅಂತ ಕಾದೆ. ನನಗ ಕಳ್ಳಿ ಅಂದಿದ್ದು ಎಲ್ಲಾರ ಮುಂದ. ಈಗ ನನ್ನೊಬ್ಬಾಕಿ ಕಿವ್ಯಾಗ ಹೇಳಿದ್ರ ಹೆಂಗ ಆಕ್ಕೈತವಾ? ಎಲ್ಲಾರ ಮುಂದ ಹೇಳು, ಆಮ್ಯಾಲ ಮನೀಗೆ ಬಾ."

ಕಸೂತಿ ಬಟ್ಟೆ ಹೊದಿಸಿ ಎದ್ದೆ. ಉತ್ತರ ಬರೆಯಲಿಲ್ಲ. ಆ ಕಂಪ್ಯೂಟರ್ ಗುಜರಿಗೆ ಹೋಯಿತು, ನಮ್ಮವರೂ ಹೋದರು. ಸಿಂದಗಿ ಬಸ್ಸು ನಮ್ಮ ಸ್ಟ್ಯಾಂಡಿನಿಂದ ದಿನಾ ಹೊರಡುತ್ತಲೇ ಇದೆ.

ಇವತ್ತು ಮುಂಜಾನೆಯೇ ಬರೆಯಲು ಕುಳಿತಿದ್ದೇನೆ. ಓದುಗರೇ, ಲೈಬ್ರರಿ ಪುಸ್ತಕದ ಆ ಹಾಳೆ ಹರಿದವಳು ನಾನು. ಗೊಳಸಂಗಿಯ ಶಾರದಾ ಅಲ್ಲ. ಅವತ್ತು ಆ ಕ್ಲಾಸಿನಲ್ಲಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, please, ಇನ್ನೊಬ್ಬರಿಗೆ ಹೇಳಿ.

ಇದು ಅಚ್ಚಾದ ದಿನ ಒಂದು ಪ್ರತಿ ಹಿಡಿದು ಸಿಂದಗಿಗೆ ಹೋಗುತ್ತೇನೆ. ಬಾಗಿಲು ತೆಗೆಯುವುದು ಆಕೆಗೆ ಬಿಟ್ಟದ್ದು.