ಮಾದಮ್ಮನ ಪಥ್ಯ ಬಿಡಿಸಿದ್ದು

ಕುಂದೂರು ಹೋಬಳಿಯ ಆ ಊರಿನಲ್ಲಿ ಯಾರಿಗೆ ವಾಂತಿ ಭೇದಿ ಶುರುವಾದರೂ ಮೊದಲು ಕರೆ ಹೋಗುತ್ತಿದ್ದುದು ಮಾದಮ್ಮನಿಗೆ. ಅವಳೇನೂ ವೈದ್ಯಳಲ್ಲ. ಮೂವತ್ತು ವರ್ಷ ಶುಂಠಿ ಹೊಲದಲ್ಲಿ ಕೂಲಿ ಮಾಡಿ, ಗಂಡ ಹೋದ ಮೇಲೆ ಒಬ್ಬಳೇ ಮಗನನ್ನು ದಡ ಮುಟ್ಟಿಸಿದ ಹೆಂಗಸು. ಆದರೆ ನುಚ್ಚಿನ ಗಂಜಿ ಬೇಯಿಸಿ, ಮೇಲಿನ ತಿಳಿ ಬಗ್ಗಿಸಿ, ಚಿಟಿಕೆ ಉಪ್ಪು ಬೆರೆಸಿ ಚಮಚ ಚಮಚವಾಗಿ ಕುಡಿಸುವುದರಲ್ಲಿ ಅವಳಷ್ಟು ತಾಳ್ಮೆ ಯಾರಿಗೂ ಇರಲಿಲ್ಲ. ಹಾಗೆ ಕುಡಿಸಿ, ಆಮೇಲೆ ಆಸ್ಪತ್ರೆಗೆ ಹೊರಡಿಸುತ್ತಿದ್ದವಳೂ ಅವಳೇ.

ಒಂದು ಕಟ್ಟಳೆ ಮಾತ್ರ ಇತ್ತು. ಪಥ್ಯ ಹಾಕಿದವರೇ ಬಂದು ಬಿಡಿಸಬೇಕು. ಅವಳು ತನ್ನ ಕೈಯಾರೆ ಮೊದಲ ತುತ್ತು ಅನ್ನ ಕೊಡುವ ತನಕ ರೋಗಿ ಗಟ್ಟಿ ಪದಾರ್ಥ ಮುಟ್ಟುವಂತಿಲ್ಲ. ಅವಳ ತಮ್ಮ ಗುರು ಹದಿನಾರರ ಹರೆಯದಲ್ಲಿ ಟೈಫಾಯ್ಡ್ ಬಂದು ಮಲಗಿದ್ದಾಗ, ಯಾರನ್ನೂ ಕೇಳದೆ ಎರಡು ರೊಟ್ಟಿ ತಿಂದು, ಮೂರನೇ ದಿನಕ್ಕೆ ತೀರಿಹೋಗಿದ್ದ. ರೊಟ್ಟಿಯೇ ಕಾರಣವೆಂದು ಅವಳು ಅಂದೇ ನಂಬಿದ್ದಳು.

ಹೋದ ಮಾಗಿಯಲ್ಲಿ ಅವಳಿಗೇ ಕರುಳು ತಿರುಚಿಕೊಂಡಿತು. ಹಾಸನದ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಆಪರೇಷನ್ ಮಾಡಿದ ಡಾಕ್ಟರು ಹಾಸಿಗೆಯ ಪಕ್ಕ ನಿಂತು, "ಅಮ್ಮಾ, ಸದ್ಯಕ್ಕೆ ಬರೀ ನೀರಾಹಾರ. ಕರುಳಿಗೆ ಸ್ವಲ್ಪ ವಿಶ್ರಾಂತಿ ಸಿಗಲಿ" ಎಂದರು. ಭಾನುವಾರ ಮನೆಗೆ ಕಳಿಸಿದ್ದು ಬೇರೊಬ್ಬ ಡಾಕ್ಟರು.

ಮನೆಗೆ ಬಂದ ಮೇಲೆ ಸೊಸೆ ಶ್ವೇತಾ ಆಸ್ಪತ್ರೆಯ ಚೀಟಿ ಓದಿದಳು. "ಅತ್ತೆ, ಇನ್ನೆರಡು ದಿನ ನೀರಾಹಾರ, ಆಮೇಲೆ ಮೆತ್ತಗಿನ ಅನ್ನ ಅಂತ ಬರ್ದೈತೆ."

"ಬರ್ದೋರು ಯಾರು?"

"ಡಿಸ್ಚಾರ್ಜ್ ಮಾಡಿದ ಡಾಕ್ಟ್ರು."

"ಪಥ್ಯ ಹಾಕಿದ್ದು ದೊಡ್ಡ ಡಾಕ್ಟ್ರು ಕಣೇ. ಕಾಗದ ಎಲ್ಲಾದ್ರೂ ಪಥ್ಯ ಬಿಡಿಸ್ತದಾ?"

ಹೊಲಿಗೆ ಬಿಚ್ಚಿಸಲು ಹತ್ತಿರದ ಆಲೂರಿನ ಆಸ್ಪತ್ರೆಯೇ ಸಾಕಾಯಿತು. ಹಾಸನಕ್ಕೆ ಹೋಗುವ ಪ್ರಮೇಯವೇ ಬರಲಿಲ್ಲ. ಹೀಗಾಗಿ ಗಂಜಿ ತಿಳಿ, ಎಳನೀರು, ಸಾರಿನ ತಿಳಿಯಲ್ಲೇ ದಿನ ಉರುಳಿದವು. ಬಳೆ ಮೊಣಕೈ ತನಕ ಜಾರತೊಡಗಿತು. ಶ್ವೇತಾ ಅತ್ತಳು, ಬೈದಳು. ಒಮ್ಮೆ ಗಂಜಿಯಲ್ಲಿ ಅನ್ನ ಹಿಸುಕಿ ಹಾಕಿಯೂ ನೋಡಿದಳು. ಮುದುಕಿ ಲೋಟವನ್ನು ಬೆಳಕಿಗೆ ಹಿಡಿದು ಕಂಡುಹಿಡಿದುಬಿಟ್ಟಳು.

"ನನ್ನ ಕೈಲಿ ಕಲ್ತು ನಂಗೇ ಮೋಸ ಮಾಡ್ತೀಯಾ?"

ಹತ್ತೊಂಬತ್ತನೇ ದಿನ ಬಚ್ಚಲ ಬಾಗಿಲಲ್ಲಿ ಕಣ್ಣಿಗೆ ಕತ್ತಲೆ ಕವಿದು ಕುಸಿದಳು. ಆರೋಗ್ಯ ಉಪಕೇಂದ್ರದ ನರ್ಸ್ ಮೆಹರೀನ್ ಓಡಿಬಂದು ಬಿಪಿ ನೋಡಿದಳು.

"ಬೆಳಿಗ್ಗೆ ಏನು ತಿಂದ್ರಿ ಅಜ್ಜಿ?"

"ತಿನ್ನೋದೆಂಗೆ? ಪಥ್ಯದಲ್ಲಿದೀನಿ. ಇವತ್ತಿಗೆ ಹತ್ತೊಂಬತ್ತು ದಿನ!" ಆ ಸ್ಥಿತಿಯಲ್ಲೂ ದನಿಯಲ್ಲಿ ಹೆಮ್ಮೆಯಿತ್ತು.

ಆಂಬುಲೆನ್ಸಿನಲ್ಲಿ ಶ್ವೇತಾಳ ಜೊತೆ ಮೆಹರೀನ್ ಕೂಡ ಹೋದಳು. ಆಲೂರಿನಲ್ಲಿ ರಕ್ತ ಪರೀಕ್ಷೆ ಮಾಡಿದರು. ಲವಣಗಳೆಲ್ಲ ತಳ ಮುಟ್ಟಿದ್ದವು. ಡ್ರಿಪ್ ಹಾಕಿದ ಡಾಕ್ಟರು, ಇನ್ನೂ ಹೀಗೇ ಬಿಟ್ಟರೆ ಹೃದಯವೇ ನಿಂತೀತು, ಇಂದಿನಿಂದ ಸ್ವಲ್ಪ ಸ್ವಲ್ಪ ಊಟ ಕೊಡಿ ಎಂದರು. ಮಾದಮ್ಮ ಬಾಯಿ ಬಿಗಿದುಕೊಂಡಳು.

ಮೆಹರೀನ್ ಮಂಚದ ತುದಿಯಲ್ಲಿ ಕುಳಿತಳು. "ಗಂಜಿ ತಿಳಿ ಕೆಟ್ಟದ್ದಲ್ಲ ಅಜ್ಜಿ. ಭೇದಿಯಾಗಿ ಮೈ ಒಣಗ್ದಾಗ ನೀವು ಕೊಡ್ತಿದ್ದಿದ್ದು ಸರಿಯೇ. ಕರುಳಿಗೆ ಕೆಲಸ ಕಮ್ಮಿ ಆಗ್ಲಿ ಅಂತ ಆಪರೇಷನ್ ಆದ್ಮೇಲೂ ನಾಕು ದಿನ ಕೊಡ್ತಾರೆ. ವಾರಗಟ್ಲೆ ಅದೇ ಆದ್ರೆ ಮೈ ತನ್ನ ಮಾಂಸಾನೇ ತಾನು ತಿಂತದೆ. ಗಾಯ ಕೂಡೋಕೂ ಬೇಳೆ, ಮೊಟ್ಟೆ ಬೇಕು."

"ನೀನು ಹೇಳೋದು ಸರಿ ಇರ್ಬೋದು ಸಿಸ್ಟರಮ್ಮ. ನಮ್ಮ ಗುರೂನೂ ಸರಿ ಅನ್ಕೊಂಡೇ ತಿಂದ."

ಪಥ್ಯ ಹಾಕಿದವರೇ ಬಿಡಿಸಬೇಕೆಂಬ ಕಟ್ಟಳೆಯನ್ನು ಮೆಹರೀನ್ ಶ್ವೇತಾಳಿಂದ ಕೇಳಿ ತಿಳಿದಳು. ಹಾಸನಕ್ಕೆ ಫೋನು ಹಚ್ಚಿದಳು. ನಾಲ್ಕು ಕಡೆ ಕೇಳಿದ ಮೇಲೆ ದೊಡ್ಡ ಡಾಕ್ಟರು ಸಿಕ್ಕರು. ವಿಷಯ ಕೇಳಿ ಅವರು ಫೋನನ್ನು ಮಾದಮ್ಮನ ಹತ್ತಿರ ಹಿಡಿಯಲು ಹೇಳಿದರು. ಆಮೇಲೆ, "ಮಾದಮ್ಮಾ, ಎಷ್ಟು ದಿನ ಅಂತ ಅವತ್ತೇ ಹೇಳ್ಬೇಕಿತ್ತು, ತಪ್ಪು ನಂದು. ಪಥ್ಯ ಹಾಕಿದ್ದು ನಾನೇ, ಬಿಡಿಸ್ತಿರೋದೂ ನಾನೇ. ಊಟ ಮಾಡಿ" ಎಂದರು.

ಮಾದಮ್ಮ ಫೋನಿನತ್ತಲೇ ನೋಡಿದಳು. "ಅವ್ರದ್ದೇ ದನಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಶ್ವೇತಾ ಬೇಳೆ ಕಟ್ಟಿನಲ್ಲಿ ಹಿಸುಕಿದ ಅನ್ನವನ್ನು ಅತ್ತೆಯ ಬಾಯಿಗಿಟ್ಟಳು. ಮೊದಲ ತುತ್ತು ಒಳಗೆ ಹೋಗಲು ಬಹಳ ಹೊತ್ತು ಹಿಡಿಯಿತು. ಅಗಿಯುವುದನ್ನೇ ಮರೆತ ದವಡೆ ನೋಯುತ್ತಿತ್ತು. ಮಾದಮ್ಮ ಹೊಟ್ಟೆ ಹಿಡಿದುಕೊಂಡು, ನೋವು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ನಾಲ್ಕನೇ ಚಮಚಕ್ಕೆ ತಾನೇ ಬಾಯಿ ತೆರೆದಳು.

"ಇನ್ನೊಂದು ಹಿಡಿ ಹಾಕೇ."

"ಈಗ ಸಾಕು" ಎಂದು ಮೆಹರೀನ್ ಬಟ್ಟಲು ಎತ್ತಿಟ್ಟಳು. "ಇಷ್ಟು ದಿನ ಸೊರಗಿದ ಮೈಗೆ ಒಂದೇ ಸಲ ತುಂಬಿದ್ರೆ ಅದೂ ಜೀವಕ್ಕೇ ಅಪಾಯ. ರಕ್ತ ನೋಡ್ಕೊಂಡು ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡ್ತಾರೆ."

"ಅಯ್ಯೋ, ನಿಮಗಿಂತ ನಮ್ಮತ್ತೇನೇ ವಾಸಿ!" ಎಂದು ಶ್ವೇತಾ ನಕ್ಕಳು. ಎಷ್ಟೋ ದಿನಕ್ಕೆ ಬಂದ ನಗು.

ಮಾದಮ್ಮ ನಗಲಿಲ್ಲ. "ಮುಂದಿನ ತುತ್ತು ಯಾವಾಗ? ಸರಿಯಾಗಿ ಗಂಟೆ ಹೇಳು ಸಿಸ್ಟರಮ್ಮ" ಎಂದಳು.

"ಮೂರು ಗಂಟೆಗೆ."

"ಶ್ವೇತಾ, ಈಗೆಷ್ಟು ನೋಡೇ. ಹೊಟ್ಟೆ ಹಸೀತೈತೆ."