ಟ್ರಯಲ್ ನೋಡದೆ ಕೊಟ್ಟ ಪುಟ

ಟ್ರಯಲ್ ನೋಡದೆ ಟೈಲರಮ್ಮ ಯಾರಿಗೂ ಬಟ್ಟೆ ಕೊಟ್ಟವಳಲ್ಲ. ಮದುವೆಗೆ ಹೊತ್ತಾಯಿತೆಂದು ಗಿರಾಕಿ ಬಾಗಿಲಲ್ಲಿ ನಿಂತು ಕುಣಿದಾಡಿದರೂ ಅಷ್ಟೇ. ಹಾಕಿಸಿ, ತಿರುಗಿಸಿ, ಕೈ ಎತ್ತಿಸಿ ನೋಡಿಯೇ ಬಿಡುತ್ತಿದ್ದಳು. ಆ ಬುದ್ಧಿ ಕಲಿಸಿದವಳು ಅವಳ ಅಕ್ಕ. ಒಂದೇ ಕೋಣೆಯ ಅಂಗಡಿಯಲ್ಲಿ ಇಬ್ಬರ ಹೊಲಿಗೆ ಯಂತ್ರಗಳೂ ಎದುರುಬದುರಾಗಿದ್ದವು.

ಅಕ್ಕ ಹಾಸಿಗೆ ಹಿಡಿದು ದೂರದ ಊರಿನ ಆಸ್ಪತ್ರೆ ಸೇರಿದಳು. "ನಾನು ಹೊಲಿದಿದ್ದನ್ನೆಲ್ಲ ಒಂದ್ಸಲ ಒಟ್ಟಿಗೆ ನೋಡ್ಬೇಕು ಅನ್ಸುತ್ತೆ ಕಣೇ," ಎಂದಳು ಫೋನಿನಲ್ಲಿ. ಟೈಲರಮ್ಮ ಹಟ ತೊಟ್ಟಳು. ಗಿರಾಕಿಗಳ ಮನೆ ಮನೆ ಅಲೆದು, ಅಕ್ಕನ ಕೈಯ ಫ್ರಾಕು, ಅಂಗಿ, ಕೋಟುಗಳ ಫೋಟೊ ತೆಗೆದಳು. ಗ್ರಂಥಾಲಯದಲ್ಲಿ ಸಂಜೆ ಮೇಷ್ಟ್ರೊಬ್ಬರು ವೆಬ್ ಪುಟ ಕಟ್ಟುವುದನ್ನು ಹೇಳಿಕೊಡುತ್ತಿದ್ದರು, ಫೋಟೊಗಳನ್ನೆಲ್ಲ ಅಕ್ಕನಿಗೆ ಒಟ್ಟಿಗೆ ತೋರಿಸಲೆಂದು ಅಲ್ಲಿಗೂ ಸೇರಿದಳು.

"ಒಂದು ಚಿಹ್ನೆ ಬಿಟ್ರೆ ಪುಟಾನೇ ಬಿಚ್ಕೊಳ್ಳುತ್ತಲ್ಲ ಸಾರ್! ಇದಕ್ಕಿಂತ ನನ್ನ ಕಚ್ಚಾ ಹೊಲಿಗೆ ವಾಸಿ."

ಮೇಷ್ಟ್ರು ನಕ್ಕರು. "ನಿಮ್ಮ ಕಂಪ್ಯೂಟರಲ್ಲಿ ಕಂಡ್ರೆ ಸಾಲದಮ್ಮ. ಬೇರೆಯವರ ಫೋನಲ್ಲಿ ತೆಗೆದು ನೋಡಿ, ಆಮೇಲೆ ಕಳ್ಸಿ."

ಅಷ್ಟರಲ್ಲಿ ಅಕ್ಕ ಹೆಚ್ಚು ದಿನ ಉಳಿಯುವುದಿಲ್ಲವೆಂದು ಆಸ್ಪತ್ರೆಯಿಂದ ಸುದ್ದಿ ಬಂತು. ಟೈಲರಮ್ಮ ಬೇರೆಯವರ ಫೋನಿನಲ್ಲಿ ತೆಗೆದು ನೋಡಲು ಕಾಯಲಿಲ್ಲ. ತನ್ನ ಕಂಪ್ಯೂಟರ್ ಪರದೆಯ ಮೇಲೆ ಫೋಟೊಗಳೆಲ್ಲ ಸಾಲಾಗಿ ಕಂಡದ್ದೇ ತಡ, ಪುಟದ ವಿಳಾಸವನ್ನು ಅಕ್ಕನಿಗೆ ಕಳಿಸಿ ಫೋನ್ ಮಾಡಿದಳು.

"ಎಲ್ಲಾ ಬಂತಾ ಅಕ್ಕಾ?"

"ಬಂತು ಕಣೇ. ಆ ನೀಲಿ ಫ್ರಾಕು, ತೋಳಿಗೆ ನೆರಿಗೆ... ಎಷ್ಟು ಚೆನ್ನಾಗಿ ಮಾಡಿದೀಯೇ!"

ಟೈಲರಮ್ಮ ಹಿಗ್ಗಿ ಹೀರೇಕಾಯಿಯಾದಳು. ಆ ವಾರವೇ ಅಕ್ಕ ತೀರಿಕೊಂಡಳು.

ಆಸ್ಪತ್ರೆಯವರು ಕೊಟ್ಟ ಚೀಲದಲ್ಲಿ ಅಕ್ಕನ ಫೋನಿತ್ತು. ಟೈಲರಮ್ಮ ಅಂಗಡಿಯಲ್ಲಿ ಕೂತು ಅದರಲ್ಲಿ ಪುಟ ತೆರೆದಳು. ಒಂದು ಫೋಟೊವೂ ಇಲ್ಲ. ಬರೀ ಖಾಲಿ ಚೌಕಗಳು. ಅವುಗಳ ಕೆಳಗೆ ತಾನೇ ಬರೆದ ಸಾಲುಗಳು. 'ನೀಲಿ ಫ್ರಾಕು, ತೋಳಿಗೆ ನೆರಿಗೆ.' ಪುಟವನ್ನು ಇಂಟರ್ನೆಟ್ಟಿಗೆ ಏರಿಸುವಾಗ ಫೋಟೊಗಳನ್ನು ಅವಳು ಏರಿಸಿಯೇ ಇರಲಿಲ್ಲ. ಅವೆಲ್ಲ ಅವಳ ಕಂಪ್ಯೂಟರಿನಲ್ಲೇ ಉಳಿದಿದ್ದವು, ಅವಳಿಗೊಬ್ಬಳಿಗೇ ಕಾಣುತ್ತಿದ್ದವು.

ಅಕ್ಕ ಏನನ್ನೂ ನೋಡಿರಲಿಲ್ಲ. ತಂಗಿಯ ಮನಸ್ಸು ನೋಯಬಾರದೆಂದು ಅಕ್ಷರ ಓದಿ ಹೊಗಳಿದ್ದಳು. ಇನ್ನು ಯಾರ ಮೇಲೆ ಸಿಟ್ಟು ಮಾಡುವುದು? ಟೈಲರಮ್ಮ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಮಾರನೆಯ ದಿನ ಮೇಷ್ಟ್ರು ತಪ್ಪು ತೋರಿಸಿಕೊಟ್ಟರು. ಸರಿಮಾಡಲು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಅಂಗಡಿಗೆ ಬಂದು ಅಕ್ಕನ ಫೋನಿನಲ್ಲಿ ಪುಟವನ್ನು ಮತ್ತೆ ತೆರೆದಳು. ನೀಲಿ ಫ್ರಾಕು ಬಂತು. ಕೋಟು ಬಂತು. ಎಲ್ಲವೂ ಬಂದವು.

ಅವಳು ಎದುರಿನ ಯಂತ್ರದ ಮೇಲೆ ಮುಚ್ಚಿದ್ದ ಬಟ್ಟೆ ಸರಿಸಿ, ಅಕ್ಕ ಕೂರುತ್ತಿದ್ದ ಕಡೆಗೆ ತಿರುಗಿಸಿ ಫೋನಿಟ್ಟಳು.

"ಈಗ ಬಂತು ನೋಡಕ್ಕಾ."